ಆರು ಪಂಚಮಿಯ ಉಂಡಿ

ಸಿಟ್ಟಿನ ವಿಷಯದಲ್ಲಿ ಇಡೀ ಬೆಳಗಾವಿ ಜಿಲ್ಲೆಗೆ ನಾನೇ ಮೊದಲಿಗ ಎಂದು ತಿಳಿದಿದ್ದೆ. ಉದ್ಯಮಬಾಗದ ಫೌಂಡ್ರಿಯಲ್ಲಿ ನಾನು ಒಮ್ಮೆ ಕಣ್ಣು ಕೆಂಪಗೆ ಮಾಡಿದರೆ ಭಟ್ಟಿಗೆ ಕಲ್ಲಿದ್ದಲು ಬೇಕಾಗುತ್ತಿರಲಿಲ್ಲ, ಕಬ್ಬಿಣ ತಾನಾಗಿಯೇ ಹೆದರಿ ನೀರಾಗುತ್ತಿತ್ತು. ಆದರೆ ಎಪ್ಪತ್ತಾರನೆಯ ಇಸವಿಯ ಶ್ರಾವಣದಲ್ಲಿ ನಮ್ಮಕ್ಕ ಸತ್ಯವ್ವನ ಕಾರ್ಡು ಬಂತು ನೋಡಿ, ಅದನ್ನು ಹಿಡಿದ ಕೈ ಇವತ್ತಿಗೂ ಬಿಸಿಯಾಗಿದೆ.

"ಭರಮ್ಯಾ, ಈ ಸಲ ಮಡಕಿ ಮಾರಾಕ ಬಂದಾಗ ನಮ್ಮೂರ ಬುಡನಸಾಬ ಎಲ್ಲಾ ಹೇಳಿದ. ನೀ ವರ್ಷಾ ನೀರು ಬೀಳೂ ಧಬಧಬಿ ಬಾಜುಕ ಕಲ್ಲಿನ ಮ್ಯಾಲೆ ನಿಂತು ನನ್ನ ಕರದಿಯಂತ. ನಾ ಕೈ ಬೀಸಿದ್ನಂತ. ಪಂಚಮಿ ಹಿಂದಿನ ದಿನ ದೂಧಸಾಗರ ಟೇಶನ್ನಿಗೆ ಬಾ. ಆ ಕಲ್ಲು ತೋರ್ಸು. ತೋರ್ಸಿದ್ರ ತವರಿಗೆ ಬರ್ತೀನಿ. ಇಲ್ಲಾಂದ್ರ ನಿನಗ ಅಕ್ಕ ಇಲ್ಲ."

ನಾವು ಖಾನಾಪುರದವರು. ಅಕ್ಕನನ್ನು ಕೊಟ್ಟದ್ದು ದೂಧಸಾಗರ ಜಲಪಾತದ ಕೆಳಗಿರುವ ಕುಳೇಂ ಊರಿನ ಕಿರಾಣಿ ವ್ಯಾಪಾರಿಗೆ. ಆಗ ಗೋವಾ ಪೋರ್ಚುಗೀಸರದು. ಐವತ್ತೈದರಲ್ಲಿ ಗಡಿ ಮುಚ್ಚಿತು, ರೈಲು ನಿಂತಿತು. ಈ ಕಡೆ ನಮ್ಮ ಪೊಲೀಸರು, ಆ ಕಡೆ ಅವರ ಸಿಪಾಯಿಗಳು, ನಡುವೆ ಮುಗಿಲಿನ ಹಾಲಿನ ಹಂಡೆಯನ್ನೇ ಬೋರಲು ಹಾಕಿದಂತೆ ಬೀಳುವ ನೀರು. ನಮ್ಮಲ್ಲಿ ಪಂಚಮಿಗೆ ಮಗಳು ತಾನಾಗಿ ತವರಿಗೆ ಬರುವಂತಿಲ್ಲ. ಅಣ್ಣನೋ ತಮ್ಮನೋ ಹೋಗಿ ಕರೆಯಬೇಕು. ಅವಳಿಗಿದ್ದ ಒಬ್ಬನೇ ತಮ್ಮ ನಾನು.

ಅವ್ವ ಪ್ರತಿ ಪಂಚಮಿಗೆ ಉಂಡಿ ಕಟ್ಟಿ ಚೀಲ ಕೊಟ್ಟು ಕಳಿಸುತ್ತಿದ್ದಳು. "ಕರಕೊಂಡು ಬರಾಕ ಆಗಲಿಲ್ಲಂದ್ರ ಇದನ್ನಾರ ಮುಟ್ಟಿಸಪಾ" ಎನ್ನುತ್ತಿದ್ದಳು.

ಹೋಗುತ್ತಿದ್ದೆ. ಕ್ಯಾಸಲ್‌ರಾಕ್‌ವರೆಗೆ. ಅದು ನಮ್ಮ ಕಡೆಯ ಕೊನೆಯ ಸ್ಟೇಶನ್. ಅಲ್ಲಿ ಬಂದೂಕು ಹೊತ್ತವರನ್ನು ಕಂಡ ಕೂಡಲೇ ನನ್ನ ಮೊಣಕಾಲುಗಳು ನನ್ನ ಅಪ್ಪಣೆ ಕೇಳದೆ ಖಾನಾಪುರದ ಕಡೆ ತಿರುಗುತ್ತಿದ್ದವು. ವಾಪಸ್ ಗಾಡಿಗೆ ಇಡೀ ದಿನ ಕಾಯಬೇಕು. ಮಳೆ, ಚಳಿ, ಹಸಿವು. ಬೆಂಚಿನ ಮೇಲೆ ಕೂತು ಚೀಲ ಬಿಚ್ಚುತ್ತಿದ್ದೆ. ಚೀಲ ಖಾಲಿಯಾಗುವ ಹೊತ್ತಿಗೆ ಕತೆ ತಯಾರಾಗಿರುತ್ತಿತ್ತು.

ಮೊದಲ ವರ್ಷ ಜಲಪಾತದ ಮಗ್ಗುಲಿನ ಕಲ್ಲಿನ ಮೇಲೆ ನಿಂತು ಕೂಗಿದೆ, ಅಕ್ಕ ಕೆಳಗಿನಿಂದ ಕೈ ಬೀಸಿದಳು. ಎರಡನೆಯ ವರ್ಷ ಹಗ್ಗ ಕಟ್ಟಿ ಚೀಲ ಇಳಿಬಿಟ್ಟೆ. ನಾಲ್ಕನೆಯ ವರ್ಷ ಸಿಪಾಯಿಗಳು ಹಾರಿಸಿದ ಎಪ್ಪತ್ತು ಗುಂಡುಗಳಲ್ಲಿ ಒಂದು ನನ್ನ ಟೊಪ್ಪಿಗೆಯೊಳಗೆ ಹೊಕ್ಕು ಕ್ಷಮೆ ಕೇಳಿ ಹೊರಗೆ ಹೋಯಿತು. ಆರನೆಯ ವರ್ಷದ ಹೊತ್ತಿಗೆ ನಾನು ಜಲಪಾತವನ್ನು ಕೆಳಗಿನಿಂದ ಮೇಲಕ್ಕೆ ಈಜಿಬಿಟ್ಟಿದ್ದೆ. ಓಣಿಯವರೆಲ್ಲ ಬಾಯಿ ತೆರೆದು ಕೇಳುತ್ತಿದ್ದರು. ಅವ್ವ ಮಾತ್ರ ಒಂದೇ ಪ್ರಶ್ನೆ ಕೇಳುತ್ತಿದ್ದಳು.

"ಸೊರಗ್ಯಾಳೇನೋ?"

"ಇಲ್ಲಬೇ, ಮೈ ತುಂಬಿಕೊಂಡಾಳ."

ಅರವತ್ತೊಂದರ ದೀಪಾವಳಿಗೆ ಅವ್ವ ತೀರಿಹೋದಳು. ಅಕ್ಕನಿಗೆ ಸುದ್ದಿ ಮುಟ್ಟಿಸಿದೆಯಾ ಎಂದು ಮಂದಿ ಕೇಳಿದರು. ಮುಟ್ಟಿಸಿದೆ ಎಂದೆ. ಅದಾಗಿ ಎರಡು ತಿಂಗಳೂ ಆಗಿರಲಿಲ್ಲ, ಗೋವಾ ನಮ್ಮದಾಯಿತು. ಗಡಿ ಹೋಯಿತು. ಆಮೇಲೆ ರೈಲೂ ಬಂತು. ಈಗ ಕರೆಯಲು ಹೋದರೆ ಅಕ್ಕ ಬರುತ್ತಾಳೆ, ಬಂದರೆ ಬಾಯಿ ತೆರೆಯುತ್ತಾಳೆ, ತೆರೆದರೆ ನನ್ನ ಜಲಪಾತ ಒಣಗುತ್ತದೆ. ಅದಕ್ಕೆ "ಅಕ್ಕಗ ಸೊಕ್ಕು ಬಂದೈತಿ, ಕರದ್ರೂ ಬರೂದಿಲ್ಲ" ಎಂದು ಊರಿಗೆಲ್ಲ ಸಾರಿದೆ. ಹೀಗೆ ಹದಿನೈದು ವರ್ಷ ತಳ್ಳಿದೆ.

ಕಾರ್ಡು ಓದಿದ ಹೆಂಡತಿ ಕಾಂತಾ ಉಂಡಿ ಕಟ್ಟಿ ಕೊಟ್ಟಳು. "ಗುಂಡಿನ ಮಳಿಯಾಗ ಹೋಗಿ ಬಂದವ್ರು ಈಗ್ಯಾಕ ನಡುಗಾಕತ್ತೀರಿ?" ಎಂದಳು.

ದೂಧಸಾಗರದಲ್ಲಿ ಗಾಡಿ ಇಳಿದೆ. ಅಕ್ಕ ಆಗಲೇ ಬಂದು ಛತ್ರಿ ಊರಿಕೊಂಡು ನಿಂತಿದ್ದಳು. ತಲೆ ಬೆಳ್ಳಗಾಗಿತ್ತು. ಇಪ್ಪತ್ತೊಂದು ವರ್ಷಗಳ ಮೇಲೆ ನೋಡುತ್ತಿದ್ದೇನೆ, ಆರಾಮಿದ್ದೀಯಾ ಎಂದು ಸಹ ಕೇಳಲಿಲ್ಲ.

"ಕಲ್ಲು ತೋರ್ಸು."

ಹಳಿಯ ಗುಂಟ ನಡೆದೆವು. ಜಲಪಾತವನ್ನು ಅಷ್ಟು ಹತ್ತಿರದಿಂದ ನಾನು ನೋಡಿದ್ದು ಅದೇ ಮೊದಲು. ನಾನು ಹೇಳಿದ ಸುಳ್ಳುಗಳೆಲ್ಲ ಅದರ ಮುಂದೆ ಗಿಡ್ಡ. ಸೇತುವೆಯ ಆಚೆ ಪಾಚಿ ಹಿಡಿದ ಒಂದು ಕಲ್ಲಿತ್ತು. ಅದಕ್ಕೆ ಕೈ ಮಾಡಿದೆ.

"ಅದ. ಖರೇ ಅದ."

"ಹೋಗು. ಅದರ ಮ್ಯಾಲೆ ನಿಂತು ಕರಿ. ನಾ ಇಲ್ಲೇ ಇರ್ತೀನಿ."

ಹೋದೆ. "ಅಕ್ಕಾ, ಪಂಚಮಿಗೆ ಬಾರವ್ವಾ" ಎಂದು ಕೂಗಿದೆ. ನನ್ನ ಕೂಗು ಬೆಳಗಾವಿ ಕೋಟೆಯ ಕೆರೆಯಲ್ಲಿ ಮೀನು ಏಳಿಸುವಂಥದ್ದು. ಅಲ್ಲಿ ನನಗೇ ಕೇಳಿಸಲಿಲ್ಲ. ಮೂರು ಸಲ ಕೂಗಿ, ತೊಯ್ದು ತಪ್ಪಡಿಯಾಗಿ ತಿರುಗಿ ಬಂದೆ.

"ಕರದೇನು?"

"ಕರದೆ."

"ಇಲ್ಲಿ ನಿಂತ ನನಗ ಕೇಳಲಿಲ್ಲ. ಕುಳೇಂದಾಗ ಒಲಿ ಊದಾಕತ್ತಾಕಿಗೆ ಹೆಂಗ ಕೇಳಿತ್ತೋ, ಹಲ್ಕಟ್?"

ಹೊಸ ಕತೆ ಹೊಂದಿಸಲು ಬಾಯಿ ತೆರೆದೆ. ಅವಳ ಕಣ್ಣು ನೋಡಿ ಮುಚ್ಚಿದೆ.

"ನಾ ಕ್ಯಾಸಲ್‌ರಾಕ್ ದಾಟಲಿಲ್ಲ ಅಕ್ಕಾ."

"ಉಂಡಿ?"

"ತಿಂದೆ."

"ಆರೂ ವರ್ಷ?"

"ಆರೂ ವರ್ಷ."

ಛತ್ರಿ ನನ್ನ ಬೆನ್ನ ಮೇಲೆ ಮುರಿಯಿತು. ಇದರಲ್ಲಿ ಉಪ್ಪು ಖಾರ ಬೆರೆಸಿಲ್ಲ, ಕಡ್ಡಿಗಳನ್ನು ನಾನೇ ಆರಿಸಿದೆ.

"ನೀ ಅಂಜಿದ್ದಕ್ಕ ನನಗ ಸಿಟ್ಟಿಲ್ಲೋ. ಬಂದೂಕಿಗೆ ಯಾರರೆ ಅಂಜತಾರ. ಗಡಿ ತಗದ ಮ್ಯಾಲೆ ಹದಿನೈದು ವರ್ಷ ಯಾರ ಬಂದೂಕಿಗೆ ಅಂಜಿ ಕುಂತಿದ್ದಿ? ಅವ್ವ ಸತ್ತದ್ದು ನನಗ ಯಾವಾಗ ಗೊತ್ತಾತು ಹೇಳು? ನಾಕ್ ತಿಂಗಳ ಮ್ಯಾಲೆ, ಬುಡನಸಾಬನ ಹಂತ್ಯಾಕ ಮಡಕಿ ಬಾರಿಸಿ ನೋಡೂ ಮುಂದ, ಅವನ ಬಾಯಿಂದ! ಆ ಮಡಕಿ ಅಲ್ಲೇ ಒಡದೆ. ಅಳಾಕ ಒಂದ್ ಮನಿ ಇರಲಿಲ್ಲ ನನಗ."

ನೀರು ಬೀಳುತ್ತಲೇ ಇತ್ತು.

"ಹೇಳು. ಯಾವ ಉಂಡಿ ಇದ್ದವು?"

"ಎಳ್ಳಿನವು. ಶೇಂಗಾದವು. ಒಂದ್ ವರ್ಷ ಅಂಟಿನವು, ನೀ ಬಸರಿ ಇರಬೇಕಂತ ಅವ್ವಗ ಕನಸ ಬಿದ್ದಿತ್ತು."

"ಕಡೀ ವರ್ಷ?"

"ಕಡೀ ವರ್ಷ ಅವ್ವಗ ಕಣ್ಣು ಮಂಜಾಗಿದ್ವು. ಮರತು ಬೆಲ್ಲಾ ಎರಡ್ ಸಲ ಹಾಕಿದ್ಲು. ಯಾಲಕ್ಕಿ ಸಿಪ್ಪಿ ಹಲ್ಲಿಗೆ ಸಿಗತಿತ್ತು."

ನನ್ನ ಜನ್ಮದಲ್ಲಿ ಒಂದು ಸಾಸಿವೆಯಷ್ಟೂ ಸೇರಿಸದೆ ಹೇಳಿದ ಮೊದಲ ಮಾತು ಅದು. ಅಕ್ಕ ಜಲಪಾತದ ಕಡೆ ತಿರುಗಿ ಸೆರಗಿನಿಂದ ಮುಖ ಒರೆಸಿಕೊಂಡಳು. ತಿರುಗಿದಾಗ ಸಿಟ್ಟು ಹಾಗೆಯೇ ಇತ್ತು.

"ಬರ್ತೀನಿ. ನಿನ್ನ ಮನಿಗಲ್ಲ, ಅವ್ವನ ಮನಿಗೆ. ಖಾನಾಪುರ ಟೇಶನ್ನಿನ್ಯಾಗ ಎಲ್ಲಾರ ಮುಂದ ಇದನ್ನ ಹೇಳಬೇಕು. ಹೇಳಲಿಲ್ಲಂದ್ರ ನಾ ಗಾಡಿ ಇಳಿಯಾಂಗಿಲ್ಲ."

ಗಾಡಿಯಲ್ಲಿ ನನ್ನ ಕೈಯಿಂದ ಚೀಲ ಕಿತ್ತುಕೊಂಡು ತೊಡೆಯ ಮೇಲೆ ಇಟ್ಟುಕೊಂಡಳು. ಒಂದೊಂದಾಗಿ ತಿನ್ನತೊಡಗಿದಳು, ನನ್ನ ಮುಖ ನೋಡುತ್ತಾ.

"ಹಸದೈತೇನು?"

"ಹೂಂ."

"ಕ್ಯಾಸಲ್‌ರಾಕ್ ಬರ್ತೈತಿ. ಇಳದು ನೀರು ಕುಡಿ."

ಖಾನಾಪುರ ಪ್ಲಾಟ್‌ಫಾರ್ಮಿನಲ್ಲಿ ಹತ್ತು ಸಾವಿರ ಮಂದಿ ಸೇರಿದ್ದರು. ಆಯಿತು, ಇಪ್ಪತ್ತೇ ಮಂದಿ. ಕಾಂತಾ ಆರತಿ ಹಿಡಿದಿದ್ದಳು. ಅಕ್ಕ ಕಿಟಕಿಯಲ್ಲಿ ಕಲ್ಲಿನಂತೆ ಕೂತಿದ್ದಳು.

"ಏನ್ರಿ ಭರಮಪ್ಪಣ್ಣಾ, ಕಲ್ಲು ಸಿಕ್ತ?" ಎಂದ ಬುಡನಸಾಬ.

"ಕಲ್ಲಿಲ್ಲ, ಏನಿಲ್ಲ. ನಾ ಕ್ಯಾಸಲ್‌ರಾಕ್ ದಾಟೇ ಇಲ್ಲ. ಉಂಡಿ ನಾನ ತಿಂದೆ."

ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. "ವ್ಹಾ! ಈ ಕತಿ ಮೊದಲಿಂದಕ್ಕಿಂತ ಭಾರಿ ಐತಿ" ಎಂದ ಬುಡನಸಾಬ. ಗಾರ್ಡು ಸೀಟಿ ಊದಿದ. ಅಕ್ಕ ಅಲುಗಲಿಲ್ಲ. ನನಗೆ ಎಲ್ಲಿಲ್ಲದ ಸಿಟ್ಟು ಬಂತು, ಅವರ ಮೇಲೋ ನನ್ನ ಮೇಲೋ ತಿಳಿಯದು.

"ನಗಬ್ಯಾಡ್ರಿ! ಸಾಯೂ ಮುದಿಕಿಗೆ ಸುಳ್ಳು ಹೇಳೀನಿ! ಅವ್ವ ಸತ್ತ ಸುದ್ದಿ ಅಕ್ಕಗ ಮುಟ್ಟಿಸಿಲ್ಲ. ಅಕ್ಕಗ ಸೊಕ್ಕಿರಲಿಲ್ಲ, ನನಗ ಗಂಡಸ್ತನಾ ಇರಲಿಲ್ಲ!"

ನಗು ನಿಂತಿತು. ಕಾಂತಾಳ ಕೈಯಲ್ಲಿ ಆರತಿ ವಾಲಿ ಎಣ್ಣೆ ನೆಲಕ್ಕೆ ಚೆಲ್ಲಿತು. ಅವಳು ನನ್ನ ಕಡೆ ನೋಡಿದ ನೋಟಕ್ಕಿಂತ ಛತ್ರಿಯ ಪೆಟ್ಟು ಮೆತ್ತಗಿತ್ತು.

ಗಾಡಿ ಜಗ್ಗಿತು. ಖಾಲಿ ಚೀಲ ಕಿಟಕಿಯಿಂದ ಬಂದು ನನ್ನ ಮುಖಕ್ಕೆ ಬಡಿಯಿತು. ಅದರ ಹಿಂದೆಯೇ ಅಕ್ಕ ಬಾಗಿಲಿಂದ ಇಳಿದಳು. ನನ್ನನ್ನು ಕಂಬವೆಂಬಂತೆ ಬಳಸಿ ನಡೆದು ಕಾಂತಾಳ ಮುಂದೆ ನಿಂತಳು.

"ಉಂಡಿಗೆ ಬೆಲ್ಲಾ ಕಡಿಮಿ ಬಿದ್ದೈತಿ ತಂಗಿ," ಎಂದಳು. "ಮುಂದಿನ ವರ್ಷ ಎರಡ್ ಸಲ ಹಾಕು."