ತುಟಿಯ ಮೇಲಿನ ಗೆರೆ

ಜನರ ಮುಖ ನೋಡಿ ನೋಡಿ ಟಚಪ್ ಅಕ್ಕನಿಗೆ ವಾಕರಿಕೆ ಹಿಡಿದಿತ್ತು. ಎದುರಿಗೆ ಬಂದು ನಿಲ್ಲುವ ಮುಖವಲ್ಲ, ಫೋಟೊ ಸ್ಟುಡಿಯೋದ ಒಳಕೋಣೆಯ ಕಂಪ್ಯೂಟರಿನಲ್ಲಿ ಮೊರದಗಲ ತೆರೆದುಕೊಳ್ಳುವ ಮುಖ. ಮೂಗಿನ ಎಣ್ಣೆಜಿಡ್ಡು, ಗದ್ದದ ಕೂದಲು, ಹಲ್ಲಿನ ಸಂದಿ, ಎಲ್ಲವನ್ನೂ ಅವಳೇ ಒರೆಸಬೇಕು. ‘ಒಂಚೂರು ಬೆಳ್ಳಗೆ ಮಾಡಮ್ಮಾ’, ‘ಈ ಕೆನ್ನೆ ಸ್ವಲ್ಪ ಒಳಗೆ ತಳ್ಳು’. ಮಾಡಿಕೊಟ್ಟ ಮೇಲೆ ‘ನಾನು ಹೀಗೇ ಇದೀನಲ್ವಾ?’ ಎಂದು ಗಂಡನನ್ನು ಕೇಳುವ ಹೆಂಗಸರು, ಹೌದೌದೆಂದು ಗೋಣು ಅಲ್ಲಾಡಿಸುವ ಗಂಡಂದಿರು. ಥೂ! ಇಂಥದ್ದನ್ನು ನೋಡಿಯೂ ಮಧ್ಯಾಹ್ನ ಊಟ ಸೇರುತ್ತಿತ್ತಲ್ಲ ಅವಳಿಗೆ, ಅದೇ ದೊಡ್ಡದು.

ಹಾಗೆಂದು ಅವಳೇನು ಸಾಚಾ ಅಲ್ಲ. ಹುಟ್ಟುವಾಗಲೇ ಅವಳ ಮೇಲ್ದುಟಿ ಸೀಳಿತ್ತು. ಹೊಲಿಗೆ ಹಾಕಿದರೂ ಮೂಗಿನಿಂದ ತುಟಿಯವರೆಗೆ ಗೆರೆಯೊಂದು ಉಳಿದು, ನಕ್ಕರೆ ಬಾಯಿ ಒಂದು ಕಡೆಗೆ ಎಳೆಯುತ್ತಿತ್ತು. ‘ನೆಂಟರು ಬಂದಿದಾರೆ, ಬಾಯಿಗೆ ಬಟ್ಟೆ ಅಡ್ಡ ಇಟ್ಕೋ’ ಎಂದು ಚಿಕ್ಕಂದಿನಲ್ಲಿ ದೊಡ್ಡಮ್ಮ ಅಂದದ್ದೇ ಸರಿ, ಕರವಸ್ತ್ರ ಬಾಯಿಗೆ ಬಂತು. ಮಾತಾಡುವಾಗ ಅಡ್ಡ, ನಗುವಾಗ ಅಡ್ಡ, ಚರ್ಚಿನಲ್ಲಿ ಹಾಡುವಾಗಲೂ ಅಡ್ಡ. ಯಾರಾದರೂ ‘ಅಷ್ಟೇನೂ ಗೊತ್ತಾಗಲ್ಲ ಬಿಡು’ ಅಂದರೆ ಅವತ್ತೆಲ್ಲ ಅವಳಿಗೆ ಹಬ್ಬ. ಆ ಒಂದು ಮಾತಿನ ಆಸೆಗೆ ಚರ್ಚಿನ ಮಹಿಳಾ ಸಂಘದ ಅಧ್ಯಕ್ಷೆಯ ಹಿಂದೆಮುಂದೆ ಸುತ್ತಿ, ಅವರ ಮನೆಯ ಮದುವೆ ಫೋಟೊಗಳನ್ನೆಲ್ಲ ಬಿಟ್ಟಿ ತಿದ್ದಿಕೊಟ್ಟಿದ್ದಳು.

ಮಗಳು ಪುಟ್ಟಿಯೂ ಅದೇ ತುಟಿ ಹೊತ್ತು ಹುಟ್ಟಿದಳು. ಆದರೆ ಪುಟ್ಟಿಗೆ ಅದರ ಪರಿವೆಯೇ ಇಲ್ಲ. ಬಾಯ್ತುಂಬ ನಗುವಳು, ಗಂಟಲು ಹರಿಯುವ ಹಾಗೆ ಹಾಡುವಳು. ತನ್ನ ಬಾಯಿಗೆ ಬಿದ್ದ ಬಟ್ಟೆ ಮಗಳ ಬಾಯಿಗೆ ಬೀಳಕೂಡದು ಎನ್ನುವುದೊಂದೇ ತಾಯಿಯ ಹಟ. ಅದಕ್ಕಾಗಿ ದೊಡ್ಡಮ್ಮನನ್ನು ಮನೆಯ ಹೊಸ್ತಿಲಿಗೂ ಸೇರಿಸುತ್ತಿರಲಿಲ್ಲ.

ಆ ವರ್ಷ ಪುಟ್ಟಿಗೆ ಮೊದಲ ಪರಮಪ್ರಸಾದ, ಕ್ರಿಸ್ತನ ದೇಹವೆಂದು ಫಾದರ್ ಕೊಡುವ ರೊಟ್ಟಿಯನ್ನು ಮೊದಲ ಸಲ ನಾಲಿಗೆಯ ಮೇಲೆ ಪಡೆಯುವ ಹಬ್ಬ. ಚರ್ಚಿನ ಬಾಗಿಲ ಬಳಿಯ ಬೋರ್ಡಿಗೆ ಹಾಕಲೆಂದು, ಮಕ್ಕಳಿಗೆಲ್ಲ ಮೊದಲೇ ಬಿಳಿ ಫ್ರಾಕು, ಬಿಳಿ ಅಂಗಿ ತೊಡಿಸಿ ಫೋಟೊ ತೆಗೆದಾಗಿತ್ತು.

“ಎಲ್ಲಾ ಮಕ್ಕಳೂ ಲಕ್ಷಣವಾಗಿ ಕಾಣ್ಬೇಕು ಕಣಮ್ಮಾ. ಬಿಷಪ್ಪರು ಬಂದಾಗ ನೋಡ್ತಾರೆ,” ಅಂದರು ಅಧ್ಯಕ್ಷೆ.

ಕೆಲಸ ತಲೆಯ ಮೇಲೆ ಬಿದ್ದಿತ್ತು. ಒಂದರ ಹಿಂದೊಂದು ಮುಖ. ಕಜ್ಜಿ ಒರೆಸು, ತರಚು ಗಾಯ ಒರೆಸು, ಮುಂದಿನದು ತೆಗೆ. ಕೈ ತನ್ನ ಪಾಡಿಗೆ ತಾನು ಓಡಿತು.

ಪ್ರಸಾದದ ದಿನ ಬೆಳಿಗ್ಗೆ ಬೋರ್ಡಿನ ಮುಂದೆ ನೂಕುನುಗ್ಗಲು. ಪುಟ್ಟಿ ಆ ತುದಿಯಿಂದ ಈ ತುದಿಯವರೆಗೆ ನೋಡಿದಳು, ಮತ್ತೆ ಮೊದಲಿಂದ ನೋಡಿದಳು.

“ಅಮ್ಮಾ, ನಂದೆಲ್ಲಿ?”

“ಅಲ್ಲೇ ಇದೆಯಲ್ಲೇ, ಕೊನೇದು.”

“ಅದು ನನ್ನ ಫ್ರಾಕು. ಒಳಗಿರೋದು ಯಾರು?”

ಟಚಪ್ ಅಕ್ಕ ತಲೆಯೆತ್ತಿದಳು. ನುಣ್ಣನೆಯ ತುಟಿ. ಗೆರೆಯ ಸುಳಿವೇ ಇಲ್ಲ. ಕಂಡವರ ಕಜ್ಜಿ, ಜಿಡ್ಡಿನ ಜೊತೆ ತನ್ನ ಹೊಟ್ಟೆಯ ಮಗುವಿನ ತುಟಿಯನ್ನೂ ಒರೆಸಿ ಬಿಸಾಕಿದ್ದಳು, ಅದೂ ಒರೆಸಿದ್ದೇ ನೆನಪಿಲ್ಲದ ಹಾಗೆ. ದೊಡ್ಡಮ್ಮನನ್ನು ಹೊಸ್ತಿಲಾಚೆ ನಿಲ್ಲಿಸಿ ಏನು ಬಂತು? ಅವಳು ಇವಳ ಬೆರಳಲ್ಲೇ ಕೂತಿದ್ದಳಲ್ಲ!

ಅಷ್ಟರಲ್ಲಿ ಅಧ್ಯಕ್ಷೆ ನುಗ್ಗಿ ಬಂದರು. “ಅಬ್ಬಬ್ಬಾ, ಗೊಂಬೆ ಕಣೇ, ಗೊಂಬೆ! ಹೀಗೇ ಹುಟ್ಟಿದ್ರೆ ಎಷ್ಟು ಚೆನ್ನಾಗಿರ್ತಿತ್ತು, ಅಲ್ವೇನೇ ಪುಟ್ಟಿ?”

ಕ್ಯಾಮೆರಾ ಹೊತ್ತು ಬಂದಿದ್ದ ಸ್ಟುಡಿಯೋ ಯಜಮಾನ ಹಲ್ಲು ಕಿರಿದ. “ನಮ್ಮಕ್ಕನ ಕೈ ಅಂದ್ರೆ ಸುಮ್ನೇನಾ?”

ಇಷ್ಟು ವರ್ಷ ಯಾವ ಹೊಗಳಿಕೆಗೆ ಬಾಯಿ ಬಿಟ್ಟುಕೊಂಡು ಕಾದಿದ್ದಳೋ ಅದು ಕೊನೆಗೂ ಬಂದಿತ್ತು. ಹಳಸಿದ್ದನ್ನು ನುಂಗಿದ ಹಾಗಾಯಿತು ಅವಳಿಗೆ. ಪುಟ್ಟಿ ಮೆಲ್ಲಗೆ ಅಂಗೈ ಎತ್ತಿ ಬಾಯಿ ಮುಚ್ಚಿಕೊಂಡಳು.

ಪೂಜೆ ಶುರುವಾಯಿತು. ಹಾಡು ಬಂತು, ಕೈ ಇಳಿಯಲಿಲ್ಲ. ಪ್ರಾರ್ಥನೆ ಬಂತು, ಇಳಿಯಲಿಲ್ಲ. ಇನ್ನು ಸ್ವಲ್ಪ ಹೊತ್ತಿಗೆ ಫಾದರ್ ಮುಂದೆ ಹೋಗಿ ಬಾಯಿ ತೆರೆಯಬೇಕು.

“ಕೈ ತೆಗಿಯೇ, ನನ್ನ ಬಂಗಾರ.”

“ನೀನು ತೆಗೀತೀಯಾ?” ಎಂದಿತು ಮಗು, ಬೆರಳ ಸಂದಿಯಿಂದ.

ಟಚಪ್ ಅಕ್ಕ ತನ್ನ ಕರವಸ್ತ್ರ ನೋಡಿಕೊಂಡಳು. ಉಸಿರು ತಾಗಿ ತಾಗಿ ಒದ್ದೆಯಾಗಿ, ಮುಗ್ಗಲು ವಾಸನೆ ಹೊಡೆಯುತ್ತಿತ್ತು. ಇದನ್ನೇ ಮರ್ಯಾದೆ ಅಂದುಕೊಂಡು ಇಷ್ಟು ವರ್ಷ ಮೂಗಿನ ಕೆಳಗೆ ಇಟ್ಟುಕೊಂಡಿದ್ದಳೇ? ಹೇಸಿಗೆಯಾಗಿ ಮುಖ ತಿರುಗಿಸಿದರೆ, ಬಲಿಪೀಠದ ಮೇಲ್ಗಡೆ, ಸಾವಿನಿಂದ ಎದ್ದು ಬಂದ ಪ್ರಭುವಿನ ಪ್ರತಿಮೆ. ಚಾಚಿದ ಎರಡೂ ಅಂಗೈಯಲ್ಲಿ ಮೊಳೆಯ ಗಾಯ.

ಹುಟ್ಟಿದಾಗಿನಿಂದ ನೋಡಿದ ಪ್ರತಿಮೆಯೇ. ಇವತ್ತು ಟಚಪ್ ಮಾಡುವವಳ ಕಣ್ಣಿಂದ ನೋಡಿದಳು. ಸಾವನ್ನೇ ಗೆದ್ದು ಬಂದವನಿಗೆ ಎರಡು ತೂತು ಮುಚ್ಚಿಕೊಳ್ಳುವುದು ಯಾವ ಮಹಾ ಕೆಲಸ? ಮುಚ್ಚಿಕೊಳ್ಳಲಿಲ್ಲ. ಎದ್ದು ಬಂದದ್ದನ್ನು ನಂಬದ ಗೆಳೆಯನನ್ನು ಕರೆದು, ಗಾಯ ಮುಟ್ಟಿ ನೋಡು ಅಂದ. ಒರೆಸಿಕೊಂಡು ಬಂದಿದ್ದರೆ, ಇವನು ಯಾರೋ ಏನೋ ಎಂದು ಆ ಗೆಳೆಯನೂ ಪುಟ್ಟಿಯ ಹಾಗೆ ಹುಡುಕುತ್ತಿದ್ದನೇನೋ. ಇಂಥ ದೇವರು ವಾರವಾರವೂ ಪ್ರಸಾದವಾಗಿ ಇದೇ ಸೀಳುತುಟಿಯ ಮೇಲೆ ಬಂದು ಕೂತಿದ್ದಾನೆ. ಒಂದು ದಿನವೂ ಹೇಸಲಿಲ್ಲ. ಆದರೆ ತಾನು, ಕಂಡವರ ಅಪ್ಪಣೆಗೆ ಕಾದು ಕೂತಿದ್ದಳು! ಅವಳಿಗೆ ನಾಚಿಕೆಯೂ ಆಯಿತು, ಜೀವವೂ ತಣ್ಣಗಾಯಿತು.

ಕರವಸ್ತ್ರವನ್ನು ಮುದ್ದೆ ಮಾಡಿ ಬೆಂಚಿನಡಿ ಎಸೆದಳು. ಪ್ರಸಾದದ ಹಾಡು ಶುರುವಾಗಿತ್ತು. ಬಾಯಿ ಸೊಟ್ಟಗಾದರೆ ಆಗಲಿ ಎಂದು ದನಿ ಎತ್ತಿದಳು. ಮುಂದಿನ ಸಾಲಿನ ತಲೆಗಳು ತಿರುಗಿದವು. ಅಧ್ಯಕ್ಷೆ ಹುಬ್ಬು ಗಂಟಿಕ್ಕಿದರು. ನೋಡಿಕೊಳ್ಳಲಿ. ಮಗಳ ಎಡಗೈ ಹಿಡಿದು ನಡುದಾರಿಯಲ್ಲಿ ಹಾಡುತ್ತಲೇ ನಡೆದಳು. ಅರ್ಧ ದಾರಿಯಲ್ಲಿ ಪಕ್ಕದಿಂದ ಇನ್ನೊಂದು ದನಿ ಸೇರಿತು. ಬಗ್ಗಿ ನೋಡಿದರೆ, ಪುಟ್ಟಿಯ ಬಲಗೈ ಕೆಳಗಿಳಿದಿತ್ತು.

“ಕ್ರಿಸ್ತನ ದೇಹ,” ಅಂದರು ಫಾದರ್.

“ಆಮೆನ್!” ಎಂದು ಇಡೀ ಚರ್ಚಿಗೆ ಕೇಳುವಂತೆ ಕೂಗಿ ಪುಟ್ಟಿ ಬಾಯಿ ತೆರೆದಳು.

ಪೂಜೆ ಮುಗಿದದ್ದೇ ಟಚಪ್ ಅಕ್ಕ ಬೋರ್ಡಿನಿಂದ ಕೊನೆಯ ಫೋಟೊ ಕಿತ್ತಳು.

“ಅಯ್ಯಯ್ಯೋ, ಬೋರ್ಡು ಬೋಳಾಯ್ತಲ್ಲೇ! ಎಷ್ಟು ಚೆನ್ನಾಗಿತ್ತು!” ಅಧ್ಯಕ್ಷೆ ಬಾಯಿ ಬಾಯಿ ಬಡಿದುಕೊಂಡರು.

“ನಿಮ್ಮ ‘ಚೆನ್ನಾಗಿದೆ’ ಅನ್ನೋದನ್ನ ನೀವೇ ಇಟ್ಕೊಳ್ಳಿ ಅಮ್ಮಾವ್ರೇ. ನಂಗೆ ಸಾಕಾಗಿ ವಾಕರಿಕೆ ಬರ್ತಿದೆ.”

ಯಜಮಾನ ನಡುವೆ ಬಾಯಿ ಹಾಕಿದ. “ಅಕ್ಕಾ, ಬೇಕಾದ್ರೆ ನಾನೇ ಇನ್ನೂ ಸ್ವಲ್ಪ ತಿದ್ದಿ...”

“ನನ್ನ ಮಗಳ ಮುಖ ಮುಟ್ಟಿದ್ರೆ ನಿಮ್ಮ ಕ್ಯಾಮೆರಾ ಇರಲ್ಲ,” ಅಂದಳು. ಅವನು ಕ್ಯಾಮೆರಾ ಎದೆಗವಚಿಕೊಂಡು ಹಿಂದೆ ಸರಿದ.

ಮಾರನೆಯ ದಿನ ಮಗಳ ಮೂಲ ಫೋಟೊ ತೆರೆದು, ತುಟಿಯ ಮಾತಿರಲಿ, ಗದ್ದಕ್ಕೆ ಅಂಟಿದ್ದ ಬಿಸ್ಕತ್ತಿನ ಪುಡಿಯನ್ನೂ ಮುಟ್ಟದೆ ಪ್ರಿಂಟ್ ತೆಗೆದಳು. ಮುಂದಿನ ಭಾನುವಾರ ಅದು ಬೋರ್ಡಿನ ಮೇಲಿತ್ತು, ಮೇಣ ಮೆತ್ತಿದಂಥ ಮುಖಗಳ ಸಾಲಿನ ಕೊನೆಯಲ್ಲಿ. ಈ ಸಲ ಪುಟ್ಟಿ ಹುಡುಕಲೇ ಇಲ್ಲ. ಗೇಟು ದಾಟುವ ಮೊದಲೇ ಅಮ್ಮನ ಕೈ ಜಗ್ಗಿದಳು.

“ಅಮ್ಮಾ, ಅಗೋ ನಾನು!”