ಅಕ್ಕನ ಪುಡಿ, ಮೇಸ್ತ್ರಿಯ ಲಿವರ್

ನೀರೆತ್ತುವ ಎಂಜಿನ್ ಕೆಟ್ಟರೆ ಸುತ್ತಿನ ಹಳ್ಳಿಯವರೆಲ್ಲ ಅದನ್ನು ಹೊತ್ತು ತರುತ್ತಿದ್ದುದು ಮೇಸ್ತ್ರಿಯ ಶೆಡ್ಡಿಗೆ. ಅವನು ಸ್ಪ್ಯಾನರ್ ಮುಟ್ಟುವ ಮೊದಲು ಕೇಳುತ್ತಿದ್ದುದು ಒಂದೇ ಪ್ರಶ್ನೆ: "ಇದಕ್ಕೆ ಏನು ಹಾಕ್ದೆ?" ಬಂದವನು ತಪ್ಪದೆ "ಏನೂ ಇಲ್ಲ ಮೇಸ್ತ್ರಿ, ಬರೀ ಡೀಸೆಲ್" ಅನ್ನುತ್ತಿದ್ದ. ಮೇಸ್ತ್ರಿ ಟ್ಯಾಂಕಿಗೆ ಎರಡು ಬೆರಳು ಅದ್ದಿ ಮೂಸಿ, ಸೀಮೆಎಣ್ಣೆ ಎಷ್ಟು ಪಾಲು, ಅಡುಗೆ ಎಣ್ಣೆ ಎಷ್ಟು ಪಾಲು ಎಂದು ಹೇಳಿ ಅವನ ಮಾನ ಕಳೆಯುತ್ತಿದ್ದ. ಇಪ್ಪತ್ತೆಂಟು ವರ್ಷದಲ್ಲಿ ಒಬ್ಬ ಮಾತ್ರ "ಗೊತ್ತಿಲ್ಲ" ಎಂದು ನಿಜ ಹೇಳಿದ್ದ. ಅವನು ತಂದದ್ದು ಕದ್ದ ಎಂಜಿನ್.

ಇಂಥ ಮೇಸ್ತ್ರಿಗೆ ಲಿವರ್ ಕಾಯಿಲೆ ಬಂತು. ಹಳೆಯ ಸೋಂಕೊಂದು ಒಳಗೇ ಕೂತು ಲಿವರನ್ನು ಹಾಳು ಮಾಡುತ್ತಿದೆ, ದಿನಕ್ಕೊಂದು ಮಾತ್ರೆ ನುಂಗಿದರೆ ಹತೋಟಿಯಲ್ಲಿರುತ್ತದೆ ಎಂದರು ಪೇಟೆಯ ಡಾಕ್ಟರಮ್ಮ. ಒಂದೇ ಮಾತ್ರೆ ಅಂದದ್ದೇ ತಪ್ಪಾಯಿತು. ಇಷ್ಟು ದೊಡ್ಡ ಕಾಯಿಲೆಗೆ ಇಷ್ಟು ಚಿಕ್ಕ ಮಾತ್ರೆಯೇ ಎಂದು ಬಂಧುಬಳಗಕ್ಕೆಲ್ಲ ಅವಮಾನವಾಯಿತು.

ಎಲ್ಲರಿಗಿಂತ ಹೆಚ್ಚು ಅವಮಾನವಾದದ್ದು ಅಕ್ಕನಿಗೆ. ತಾಯಿ ತೀರಿಕೊಂಡ ಮೇಲೆ ಮೇಸ್ತ್ರಿಯನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳು. ತಮ್ಮನ ಹೊಟ್ಟೆಗೆ ಏನು ಹೋಗಬೇಕೆಂಬ ಅಧಿಕಾರವನ್ನು ಅಂದಿನಿಂದ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಸಂತೆಯಲ್ಲಿ ಮೈಕು ಹಿಡಿದು ಮಾರುವವನಿಂದ ಒಂದು ಡಬ್ಬಿ ಹಸಿರು ಪುಡಿ ತಂದಳು. ಡಬ್ಬಿಯ ಮೇಲೆ ಫಳಫಳ ಹೊಳೆಯುವ ಲಿವರಿನ ಚಿತ್ರ, ಕೆಳಗೆ 'ನೂರಕ್ಕೆ ನೂರು ಗಿಡಮೂಲಿಕೆ'. ಯಾವ ಗಿಡ, ಯಾವ ಮೂಲಿಕೆ ಎಂಬ ಚಿಲ್ಲರೆ ವಿವರಗಳಿಗೆ ಜಾಗ ಸಾಲದೆ ಹೋಗಿತ್ತು.

"ಗಿಡ ಕಣೋ. ಗಿಡ ಯಾರಿಗಾದ್ರೂ ಕೆಟ್ಟದ್ದು ಮಾಡುತ್ತಾ?" ಎಂದಳು ಅಕ್ಕ, ಲೋಟವನ್ನು ಅವನ ಬಾಯಿಗೆ ಹಿಡಿದು. ಬೇಲಿಯ ಯಾವುದೋ ಗಿಡ ಮೇಯ್ದು ಅವಳದೇ ಮೇಕೆ ಸತ್ತು ಎರಡು ತಿಂಗಳಾಗಿರಲಿಲ್ಲ. ಆದರೆ ಅದು ಮೇಕೆ.

ಮೇಸ್ತ್ರಿಯ ಹೆಂಡತಿ, "ಡಾಕ್ಟರಮ್ಮಂಗೆ ಒಂದು ಮಾತು ಕೇಳಿ" ಎಂದಳು.

"ಕೇಳಿದ್ರೆ ಬೇಡ ಅಂತಾರೆ. ಅಕ್ಕ ಬೇಜಾರು ಮಾಡ್ಕೊತಾಳೆ."

"ಲಿವರ್ರು ಬೇಜಾರು ಮಾಡ್ಕೊಂಡ್ರೆ ಪರವಾಗಿಲ್ಲ ಅನ್ನಿ."

ಎರಡು ತಿಂಗಳಿಗೆ ಕಣ್ಣು ಹಳದಿಯಾಯಿತು. ಒಳಗಿನ ಕೆಟ್ಟದ್ದೆಲ್ಲ ಹೊರಗೆ ಬರುತ್ತಿದೆ ಎಂದು ಸಂತೋಷಪಟ್ಟ ಅಕ್ಕ ಒಂದು ಚಮಚವನ್ನು ಎರಡು ಮಾಡಿದಳು. ಡಾಕ್ಟರಮ್ಮ ರಕ್ತದ ರಿಪೋರ್ಟ್ ನೋಡಿ ಹುಬ್ಬು ಗಂಟಿಕ್ಕಿದರು.

"ಮಾತ್ರೆ ಬಿಟ್ಟು ಬೇರೆ ಏನಾದ್ರೂ ತಗೊಳ್ತಿದ್ದೀರಾ? ಪುಡಿ, ಕಷಾಯ?"

"ಏನೂ ಇಲ್ಲ ಡಾಕ್ಟ್ರೇ, ಬರೀ ಮಾತ್ರೆ."

"ಹಾಗಾದ್ರೆ ಮಾತ್ರೆ ಕೆಲಸ ಮಾಡ್ತಿಲ್ಲ. ನಾಳೆ ಬೆಳಿಗ್ಗೆ ಬನ್ನಿ, ದೊಡ್ಡಾಸ್ಪತ್ರೆಗೆ ಬರ್ಕೊಡ್ತೀನಿ. ಕಾಮಾಲೆ ಹೀಗೇ ಏರ್ತಾ ಹೋದ್ರೆ ನಿಮ್ಮ ಲಿವರ್ ಉಳಿಯಲ್ಲ."

ಶೆಡ್ಡಿಗೆ ಮರಳಿದರೆ ಇಟ್ಟಿಗೆ ಗೂಡಿನವನು ಎಂಜಿನ್ ಇಳಿಸಿಕೊಂಡು ಕಾಯುತ್ತಿದ್ದ.

"ಏನು ಹಾಕ್ದೆ?"

"ಏನೂ ಇಲ್ಲ ಮೇಸ್ತ್ರಿ, ಬರೀ ಡೀಸೆಲ್," ಎಂದು ಅವನು ನೆಲ ನೋಡಿದ.

"ಮೊದಲು ನಿಜ ಬೊಗಳು. ಇಲ್ಲದ ರೋಗ ಹುಡುಕ್ಕೊಂಡು ನಾನು ಇಡೀ ಎಂಜಿನ್ ಬಿಚ್ಚಿ..." ವರ್ಷಗಟ್ಟಲೆ ಬಾಯಿಪಾಠವಾಗಿದ್ದ ಬೈಗುಳ ಅರ್ಧಕ್ಕೇ ನಿಂತಿತು. ಊಟ ತಂದಿದ್ದ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. "ಯಾಕೆ ನಿಲ್ಲಿಸಿದ್ರಿ? ಚೆನ್ನಾಗಿತ್ತು," ಎಂದಳು.

ಮರುದಿನ ಅವನು ಡಬ್ಬಿಯನ್ನು ಡಾಕ್ಟರಮ್ಮನ ಮೇಜಿನ ಮೇಲಿಟ್ಟ. ಅವರು ಮುಚ್ಚಳ ತೆಗೆದು ಮೂಸಿದರು.

"ಇದರಲ್ಲಿ ಏನೇನಿದೆ?"

"ಗೊತ್ತಿಲ್ಲ," ಎಂದ ಮೇಸ್ತ್ರಿ, ಕದ್ದ ಎಂಜಿನ್ ತಂದವನ ಹಾಗೆ.

"ನನಗೂ ಗೊತ್ತಿಲ್ಲ. ಮಾರಿದವನಿಗೂ ಗೊತ್ತಿರಲಿಕ್ಕಿಲ್ಲ. ಇವತ್ತಿಂದಲೇ ನಿಲ್ಲಿಸಿ. ಮಾತ್ರೆ ಬಿಡಬೇಡಿ."

ಎಂಟು ದಿನ ದೊಡ್ಡಾಸ್ಪತ್ರೆಯಲ್ಲಿ ಮಲಗಿ ಬಂದ. ಅಕ್ಕ ತಂದಿಡುವ ಲೋಟವನ್ನು ಹೆಂಡತಿ ತುಟಿಪಿಟಕ್ಕೆನ್ನದೆ ಬಚ್ಚಲಿಗೆ ಸುರಿಯುತ್ತಿದ್ದಳು. ಆರು ವಾರಕ್ಕೆ ಕಣ್ಣು ಬೆಳ್ಳಗಾಯಿತು. ಲಿವರ್ ಹೊಸದಾಗಲಿಲ್ಲ, ಆದರೆ ಉಳಿಯಿತು.

ಅಕ್ಕ ಇನ್ನೊಂದು ಹೊಸ ಡಬ್ಬಿ ಹಿಡಿದು ಬಂದಳು. "ನೋಡ್ದೇನೋ, ಪುಡಿ ನಿಧಾನಕ್ಕೆ ಹಿಡಿಯುತ್ತೆ ಅಂತ ಸಂತೆಯವನು ಹೇಳಿರ್ಲಿಲ್ವ?"

ಡಾಕ್ಟರಮ್ಮನ ಎದುರು ಬೆವರದಿದ್ದ ಮೇಸ್ತ್ರಿ ಈಗ ಬೆವರಿದ. "ಅಕ್ಕಾ, ಆರು ವಾರದಿಂದ ಅದನ್ನ ನಾನು ಮುಟ್ಟೇ ಇಲ್ಲ."

ಅಕ್ಕ ಅವನ ಬೆಳ್ಳಗಾದ ಕಣ್ಣನ್ನು ನೋಡಿದಳು. ಆಮೇಲೆ ಡಬ್ಬಿಯನ್ನು ಸೆರಗಿನೊಳಗೆ ಸೇರಿಸಿಕೊಂಡು ಎದ್ದಳು.

"ಅದಕ್ಕೇ ವಾಸಿಯಾಗೋಕೆ ಇಷ್ಟು ದಿನ ಹಿಡಿದಿದ್ದು."