ಮಂಗಲದ ಅಧ್ಯಾಯ

"ಮುಂಜಾನೆ ಪೂರಾ ತುಂಬಿಸಿಟ್ಟು ಹೋಗಿದ್ನಲ್ಲಾ, ಎಲ್ಲಿ ಸೋರಿ ಹೋತಿದು?"

ಶಾಂಭವಿ ಕೇಳಿದ್ದು ಯಾರನ್ನೂ ಅಲ್ಲ. ಪಡಸಾಲೆಯಲ್ಲಿ ಅವಳೊಬ್ಬಳೇ ಇದ್ದಳು. ಒಳಗೆ ತಾಯಿ ದಾನವ್ವ ರೊಟ್ಟಿ ಬಡಿಯುವ ಸದ್ದು ಒಂದೇ ಸಮನೆ ಕೇಳುತ್ತಿತ್ತು. ವಿದ್ಯಾನಗರದ ಕಾಲೇಜಿನಲ್ಲಿ ಪಾಠ ಮುಗಿಸಿ ಬಂದು, ಮುಖ ತೊಳೆದು, ಹೆಡ್‌ಫೋನ್ ಹಾಕಿಕೊಂಡು ಕೂತು ಇನ್ನೂ ಒಂದು ಅಧ್ಯಾಯ ಮುಗಿದಿರಲಿಲ್ಲ. ಲ್ಯಾಪ್‌ಟಾಪಿನ ಮೂಲೆಯಲ್ಲಿ ಬ್ಯಾಟರಿಯ ಗುರುತು ಆಗಲೇ ಕೆಂಪಾಗಿತ್ತು.

ಚಾರ್ಜರ್ ಹಚ್ಚಿಕೊಂಡು ಕೂರುವಂತಿರಲಿಲ್ಲ. ಬೈರಿದೇವರಕೊಪ್ಪದ ಆ ಮನೆಯ ಅರ್ಥಿಂಗ್ ಸರಿಯಿಲ್ಲ. ಚಾರ್ಜರ್ ಚುಚ್ಚಿದೊಡನೆ ದುಂಬಿಯೊಂದು ಕಿವಿ ಹೊಕ್ಕ ಹಾಗೆ ಹೆಡ್‌ಫೋನಿನಲ್ಲಿ ಗುಂಯ್‌ಗುಟ್ಟುತ್ತಿತ್ತು. ಆ ಸದ್ದಿನಡಿ ತಂದೆಯ ಧ್ವನಿ ಹುಡುಕುವುದು ಅವಳಿಂದ ಆಗದ ಕೆಲಸ.

ತಂದೆ ಶಾಂತಯ್ಯನವರು ಪ್ರತಿ ಶ್ರಾವಣದಲ್ಲಿ ಮಠದಲ್ಲಿ ಪುರಾಣ ಹಚ್ಚಿ ಓದುತ್ತಿದ್ದವರು. ಸಕ್ಕರೆ ಕಾಯಿಲೆ ಕಣ್ಣಿಗಿಳಿದ ಮೇಲೆ ಪುಸ್ತಕದ ಅಕ್ಷರ ಕಾಣದಾಗಿತ್ತು. ಆಗ ಶಾಂಭವಿ ಹಾಳೆಹಾಳೆಯ ಫೋಟೋ ತೆಗೆದು, ತನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ಒಂದೊಂದು ಅಕ್ಷರ ಹೆಬ್ಬೆರಳಿನಷ್ಟು ದೊಡ್ಡದು ಮಾಡಿ ಅವರ ಮುಂದಿಟ್ಟಳು. ಮನೆಯಲ್ಲೇ ಓದಿಸಿ ಧ್ವನಿ ಹಿಡಿದಿಡೋಣ ಎಂದು ಮೈಕ್ ತಂದಳು, ಅದನ್ನೂ ಹೆಡ್‌ಫೋನನ್ನೂ ಲ್ಯಾಪ್‌ಟಾಪಿಗೆ ಜೋಡಿಸುವ ಅಂಗೈ ಅಗಲದ ಕರಿ ಡಬ್ಬಿಯೊಂದನ್ನೂ ತಂದಳು. ಶಾಂತಯ್ಯನವರು ಪರದೆಯನ್ನು ನೋಡಿ, ಸ್ವಲ್ಪ ಹೊತ್ತು ಸುಮ್ಮನೆ ಕೂತು, ಎದೆ ತುಂಬ ಉಸಿರು ತೆಗೆದುಕೊಂಡು ಪದ್ಯ ಎತ್ತುತ್ತಿದ್ದರು. ಕೊನೆಗೆ ಪುರಾಣ ಮುಗಿಸುವ ಮಂಗಲದ ಅಧ್ಯಾಯವೊಂದು ಉಳಿಯಿತು. ಸೋಮವಾರ ಓದಿ ಮುಗಿಸೂಣು ಎಂದಿದ್ದರು. ಆ ಸೋಮವಾರ ಅವರು ಏಳಲಿಲ್ಲ. ಯುಗಾದಿಗೆ ಇನ್ನೂ ವಾರವಿತ್ತು.

ಈಗ ಆಷಾಢ. ಮಠದ ಗುರುಪಾದಪ್ಪನವರು ಮೇಲಿಂದ ಮೇಲೆ ಫೋನ್ ಮಾಡುತ್ತಿದ್ದರು. "ಈ ಶ್ರಾವಣಕ್ಕ ಅಯ್ಯಾರ ಧ್ವನಿನ ಹಚ್ಚಬೇಕಂತ ಎಲ್ಲಾರೂ ಅನ್ನಾಕತ್ತಾರ ತಂಗಿ. ಆದ್ರ ಮಂಗಲ ಇಲ್ದ ಪುರಾಣ ಹೆಂಗ ಹಚ್ಚೂದು? ನಿಮ್ಮವ್ವಾರಿಗೆ ಬಾಯಿಪಾಠ ಐತಿ. ಇಲ್ಲಾ ನೀನರ ಓದು. ಅವರ ಮನಿ ಧ್ವನಿಲೇನ ಮುಗೀಲಿ."

"ನೋಡೂಣ್ರಿ ಕಾಕಾ," ಎಂದಷ್ಟೇ ಹೇಳಿ ಅವಳು ಫೋನಿಡುತ್ತಿದ್ದಳು.

ಸಂಜೆ ಹೊತ್ತು ಅವಳು ಮಾಡುತ್ತಿದ್ದದ್ದು ಸ್ವಚ್ಛ ಮಾಡುವ ಕೆಲಸ. ತಂದೆಯ ಕೆಮ್ಮು, ತಂಬಿಗೆಯಿಂದ ನೀರು ಕುಡಿದ ಸದ್ದು, ಪದ್ಯಕ್ಕೆ ಮುಂಚಿನ ಮೌನ, ಎಲ್ಲವನ್ನೂ ಕತ್ತರಿಸಿ ತೆಗೆಯುತ್ತಿದ್ದಳು. ಮಠದ ಸ್ಪೀಕರಿನಲ್ಲಿ ಜನ ಕೇಳುವಾಗ ಅದೆಲ್ಲ ಯಾಕೆ? ಲ್ಯಾಪ್‌ಟಾಪಿನಲ್ಲಿ ಜಾಗ ಸಾಲದ್ದರಿಂದ ಒಂದು ಅಧ್ಯಾಯ ಸ್ವಚ್ಛವಾದ ಕೂಡಲೇ ಅದರ ಮೂಲವನ್ನು ಅಳಿಸಿಬಿಡುತ್ತಿದ್ದಳು.

ಬ್ಯಾಟರಿ ಯಾಕೆ ಇಳಿಯುತ್ತದೆಂದು ಅವಳು ತನಗೆ ತಿಳಿದಂತೆ ಹುಡುಕಿದಳು. ಪರದೆಯ ಬೆಳಕು ತಗ್ಗಿಸಿದಳು. ವೈಫೈ ತೆಗೆದಳು. ಬೇಡದ ಪ್ರೋಗ್ರಾಮುಗಳನ್ನು ಮುಚ್ಚಿದಳು. ಒಂದು ಸಂಜೆ ಕರಿ ಡಬ್ಬಿಯನ್ನು ಹಚ್ಚದೆಯೇ ಕೂತು ನೋಡಿದರೆ ಬ್ಯಾಟರಿ ಹೆಚ್ಚೇನೂ ಇಳಿಯಲಿಲ್ಲ. ಹಾಗಾದರೆ ಇದರದೇ ಕೆಲಸ. ಡಬ್ಬಿಗೆ ತನ್ನದೆಂಬ ಕರೆಂಟಿಲ್ಲ. ವಾಯರಿನ ಮೂಲಕ ಲ್ಯಾಪ್‌ಟಾಪಿನಿಂದ ಕುಡಿಯುತ್ತದೆ. ಮೈಕು ಡಬ್ಬಿಯಿಂದ ಕುಡಿಯುತ್ತದೆ. ಕುಡಿಯುತ್ತಿರುವಷ್ಟು ಹೊತ್ತೂ ಡಬ್ಬಿಯ ಮೇಲೊಂದು ಕೆಂಪು ದೀಪ ಉರಿಯುತ್ತಿರುತ್ತದೆ. ಕೆಲಸ ಮುಗಿದ ಮೇಲೆ ವಾಯರ್ ಕಿತ್ತಿಟ್ಟರಾಯಿತು.

ಅವಳು ವಾಯರ್ ಕಿತ್ತು, ಲ್ಯಾಪ್‌ಟಾಪ್ ಮುಚ್ಚಿ ಮಲಗಿದಳು. ಮಾರನೆಯ ಸಂಜೆ ಬಂದು ನೋಡಿದರೆ ಲ್ಯಾಪ್‌ಟಾಪ್ ತೆರೆದಿತ್ತು. ವಾಯರ್ ತನ್ನ ಜಾಗದಲ್ಲಿತ್ತು. ಕೆಂಪು ದೀಪ ಉರಿಯುತ್ತಿತ್ತು. ಮುಟ್ಟಿದರೆ ಜ್ವರ ಬಂದವರ ಹಣೆಯಷ್ಟು ಬಿಸಿ.

ನಾನೇ ಮರೆತಿರಬೇಕು ಅಂದುಕೊಂಡಳು. ಆ ರಾತ್ರಿ ವಾಯರನ್ನು ಸುತ್ತಿ ಕಪಾಟಿನಲ್ಲಿಟ್ಟಳು. ಮರುದಿನವೂ ಅದು ಡಬ್ಬಿಗೆ ಬಂದು ಕೂತಿತ್ತು.

ಮನೆಯಲ್ಲಿದ್ದವರು ಇಬ್ಬರೇ. ದಾನವ್ವ ಮಿಕ್ಸರನ್ನು ಕೂಡ ಮುಟ್ಟುವವಳಲ್ಲ. ಕರೆಂಟ್ ಅಂದ್ರ ನನಗ ಆಗಂಗಿಲ್ಲ ಎಂದು ಇವತ್ತಿಗೂ ಚಟ್ನಿಯನ್ನು ಒರಳಿನಲ್ಲೇ ರುಬ್ಬುವವಳು. ಅವಳನ್ನು ಕೇಳಿಬಿಡಬಹುದಿತ್ತು. ಆದರೆ ತಂದೆ ಹೋದಂದಿನಿಂದ ತಾಯಿ ಮಗಳು ಅವರ ಮಾತನ್ನೇ ಎತ್ತಿರಲಿಲ್ಲ. ನೀ ಹಚ್ಚಿದಿಯೇನವ್ವಾ ಎಂದು ಕೇಳಿ, ಇಲ್ಲ ಎಂಬ ಉತ್ತರ ಬಂದರೆ ಆಮೇಲೆ ಯಾರನ್ನು ಕೇಳಬೇಕು? ಶಾಂಭವಿ ಕೇಳಲಿಲ್ಲ. ಮುಸ್ಸಂಜೆಗೆ ಮನೆಯ ಬಾಗಿಲು ನೂಕುವಾಗ ಮಾತ್ರ ಅವಳ ಕೈ ಒಂದು ಚಣ ತಡೆಯುತ್ತಿತ್ತು.

ಒಂದು ದಿನ ಕಾಲೇಜಿಗೆ ಮಧ್ಯಾಹ್ನವೇ ರಜೆ ಕೊಟ್ಟರು. ಮನೆಗೆ ಬಂದರೆ ಬಾಗಿಲು ಓರೆಯಾಗಿತ್ತು. ಪಡಸಾಲೆಯಲ್ಲಿ, ತಂದೆ ಕೂರುತ್ತಿದ್ದ ಮಣೆಯ ಮುಂದೆ, ಲ್ಯಾಪ್‌ಟಾಪಿನ ಮೇಲೆ ಕಾವಿಯ ದಪ್ಪ ವಸ್ತ್ರ ಹೊದಿಸಿತ್ತು. ಪಕ್ಕದಲ್ಲಿ ಕೆಂಪು ದೀಪ. ದಾನವ್ವ ತಲೆಯ ಸೆರಗಿನ ಮೇಲೆಯೇ ಹೆಡ್‌ಫೋನ್ ಹಾಕಿಕೊಂಡು, ಕಣ್ಣು ಮುಚ್ಚಿ ಕೂತಿದ್ದಳು.

"ಅವ್ವಾ."

ಕೇಳಿಸಲಿಲ್ಲ. ಭುಜ ಮುಟ್ಟಿದಾಗ ದಾನವ್ವ ಬೆಚ್ಚಲೂ ಇಲ್ಲ. ಹೆಡ್‌ಫೋನ್ ತೆಗೆದು, "ಲಗೂ ಬಂದೀ? ಊಟ ಮಾಡ್ತಿಯೇನು?" ಎಂದಳು.

"ದಿನಾ ಇದನ್ನ ನೀ ಹಚ್ಚತಿದ್ದೇನವ್ವಾ?"

"ಮತ್ತ ಯಾರ್ ಹಚ್ಚಬೇಕು? ರಾತ್ರಿ ನೀ ಮುಚ್ಚಿಡ್ತಿ. ಮಂಗಲ ಆಗೂತನಕ ಪುರಾಣ ಮುಚ್ಚಬಾರ್ದು, ವಸ್ತ್ರ ಹೊಚ್ಚಿ ತೆರದ ಇಡಬೇಕು ಅಂತ ಅಯ್ಯಾರ ಮಗಳಿಗೆ ನಾ ಹೇಳಿಕೊಡಬೇಕೇನು?"

"ಇದು ಪುಸ್ತಕ ಅಲ್ಲವ್ವಾ."

"ಅವ್ರು ಇದರಾಗ ನೋಡಿ ಓದಲಿಲ್ಲೇನು?"

ಶಾಂಭವಿ ಕೆಂಪು ದೀಪದ ಕಡೆ ನೋಡಿದಳು. "ಕರೆಂಟಿಗೆ ಅಂಜತಿದ್ದೆಲ್ಲಾ ನೀ," ಎಂದಳು.

"ಅಂಜಿಕಿ ಈಗೂ ಐತಿ. ಶಿವನ ಹೆಸರ ತಗೊಂಡು ಚುಚ್ಚತೇನಿ."

"ಮತ್ತ ಕಿವಿಗೆ ಹಾಕ್ಕೊಂಡು ಏನ್ ಕೇಳಾಕತ್ತಿದ್ದಿ? ಓದಿದ್ದನ್ನ ನೀ ಹಚ್ಚೇ ಇಲ್ಲಲ್ಲ."

"ಪಡಸಾಲಿ ಕೇಳಾಕತ್ತಿದ್ದೆ," ಎಂದಳು ದಾನವ್ವ. "ಪದ್ಯ ಎತ್ತೂಕಿಂತ ಮುಂಚೆ ಅವ್ರು ಗಪ್ ಕುಂಡ್ರತಿದ್ರಲ್ಲ, ಅದು ಬರತೈತಿ. ನೀನೂ ಕೇಳು." ಹೆಡ್‌ಫೋನನ್ನು ಮಗಳ ಕೈಗಿಟ್ಟು, ಅನ್ನಕ್ಕಿಡಲು ಒಳಗೆ ಹೋದಳು.

ಶಾಂಭವಿ ಹಾಕಿಕೊಂಡಳು. ಮೈಕು ಖಾಲಿ ಪಡಸಾಲೆಯನ್ನು ಕೇಳುತ್ತಿತ್ತು, ಅವಳು ಮೈಕನ್ನು ಕೇಳಿದಳು. ಫ್ಯಾನಿನ ಗಾಳಿ, ಗೋಡೆಯ ಗಡಿಯಾರ, ದೂರದಲ್ಲೊಂದು ಟ್ರ್ಯಾಕ್ಸ್ ಗಾಡಿಯ ಹಾರ್ನ್. ಅವುಗಳ ಹಿಂದೆ ಇನ್ನೊಂದು ಮೌನ. ಅದರ ತೂಕ ಅವಳಿಗೆ ಗೊತ್ತಿತ್ತು. ಎಷ್ಟೋ ಸಂಜೆ ಅದನ್ನೇ ಕತ್ತರಿಸಿ ಕತ್ತರಿಸಿ ಎಸೆದಿದ್ದಳು. ಆಮೇಲೆ ಯಾರೋ ಉಸಿರು ತೆಗೆದುಕೊಂಡದ್ದು ಕೇಳಿತು. ನಿಧಾನವಾಗಿ, ಎದೆ ತುಂಬ. ಪದ್ಯ ಎತ್ತುವ ಮುಂಚೆ ತೆಗೆದುಕೊಳ್ಳುವಂಥ ಉಸಿರು. ಶಾಂಭವಿ ತಿರುಗಿ ನೋಡಿದಳು. ಒಳಗೆ ದಾನವ್ವ ಅಕ್ಕಿ ತೊಳೆಯುತ್ತಿದ್ದಳು. ತನ್ನದೇ ಇರಬೇಕೆಂದು ಉಸಿರು ಬಿಗಿಹಿಡಿದು ಕೂತಳು. ಮತ್ತೆ ಕೇಳಲಿಲ್ಲ.

ಆ ಸಂಜೆ ಅವಳು ಸ್ವಚ್ಛ ಮಾಡಿಟ್ಟ ಅಧ್ಯಾಯಗಳನ್ನು ಒಂದೊಂದಾಗಿ ಹಚ್ಚಿ ನೋಡಿದಳು. ಎಲ್ಲದರಲ್ಲೂ ತಂದೆ ನೇರ ಮೊದಲ ಅಕ್ಷರದಿಂದಲೇ ಶುರು ಮಾಡುತ್ತಿದ್ದರು, ಉಸಿರೇ ತೆಗೆದುಕೊಳ್ಳದ ಮನುಷ್ಯನ ಹಾಗೆ. ಒಂದು ಕಡೆಯಾದರೂ ಆ ಮೌನ ಉಳಿದಿರಬಹುದೆಂದು ಹುಡುಕಿದಳು. ಅಚ್ಚುಕಟ್ಟಾದ ಕೆಲಸ, ಎಲ್ಲೂ ಉಳಿದಿರಲಿಲ್ಲ.

ಅಂದಿನಿಂದ ರಾತ್ರಿ ಲ್ಯಾಪ್‌ಟಾಪ್ ಮುಚ್ಚುವುದನ್ನು ಅವಳೂ ಬಿಟ್ಟಳು. ಚಾರ್ಜರ್ ಹಚ್ಚಿ, ವಸ್ತ್ರವನ್ನು ತಾನೇ ಹೊದಿಸಿ ಮಲಗುತ್ತಿದ್ದಳು.

ಆದರೆ ಲ್ಯಾಪ್‌ಟಾಪ್ ಮಣೆಯ ಮುಂದೆ ಸಮನಾಗಿ ಕೂರದಾಯಿತು. ಕೀಬೋರ್ಡಿನ ನಡುಭಾಗ ಮೇಲೆದ್ದು ಬಂದಾಗ ಅವಳು ಮೆಹಬೂಬನಿಗೆ ಫೋನ್ ಮಾಡಿದಳು. ದೇಶಪಾಂಡೆ ನಗರದಲ್ಲಿ ಅವನದು ಲ್ಯಾಪ್‌ಟಾಪ್ ರಿಪೇರಿಯ ಅಂಗಡಿ. ಅವನ ತಂದೆ ಬಡೇಸಾಬ, ಶಾಂತಯ್ಯನವರ ಪುರಾಣಕ್ಕೆ ಮಠದಲ್ಲಿ ಮೈಕ್‌ಸೆಟ್ ಕಟ್ಟುತ್ತಿದ್ದವನು. ರವಿವಾರ ಮುಂಜಾನೆ ಮೆಹಬೂಬ ಮನೆಗೇ ಬಂದ. ಮೊದಲು ಧ್ವನಿಯನ್ನೆಲ್ಲ ಪೆನ್‌ಡ್ರೈವಿಗೆ ಹಾಕಿಕೊಂಡ. ಆಮೇಲೆ ಲ್ಯಾಪ್‌ಟಾಪನ್ನು ನೆಲಕ್ಕಿಟ್ಟು ಬೆರಳಿಂದ ಒತ್ತಿದ. ಅದು ತೊಟ್ಟಿಲಿನಂತೆ ತೂಗಿತು.

"ಅಕ್ಕಾರ, ಇದಕ್ಕ ಹೊಟ್ಟಿ ಬಂದೈತಲ್ರಿ," ಎಂದ. ಪಕ್ಕದಲ್ಲಿ ಮಡಚಿಟ್ಟ ವಸ್ತ್ರ ನೋಡಿ ನಕ್ಕ. "ಮ್ಯಾಲ ಇದನ್ನ ಬ್ಯಾರೆ ಹೊಚ್ಚಿದ್ರೇನ್ರಿ? ಆಷಾಢದ ಗಾಳಿಗೆ ಥಂಡಿ ಆಗತೈತಂತ?"

"ನಗಬ್ಯಾಡ ಮೆಹಬೂಬಾ," ಎಂದಳು ದಾನವ್ವ. "ಪುರಾಣಕ್ಕ ಹೊಚ್ಚೂ ವಸ್ತ್ರ ಅದು."

ಮೆಹಬೂಬ ವಸ್ತ್ರದತ್ತ ಚಾಚಿದ್ದ ಕೈ ಹಿಂದೆ ತೆಗೆದುಕೊಂಡ. "ತಪ್ಪಾತ್ರಿ ಅವ್ವಾರ." ನಂತರ ಶಾಂಭವಿಯ ಕಡೆ ತಿರುಗಿ, ದನಿ ತಗ್ಗಿಸಿ ಹೇಳಿದ, "ಡಬ್ಬಿ ದಿನಾಪೂರ್ತಿ ಕುಡದೈತ್ರಿ. ವಸ್ತ್ರದಾಗ ಕಾವು ಹೊರಗ ಹೋಗಿಲ್ಲ. ಬ್ಯಾಟರಿ ಉಬ್ಬೇತಿ. ಇದು ಯಾವಾಗ ಒಡದು ಬೆಂಕಿ ಹತ್ತತೈತಿ ಹೇಳಾಕ ಬರಂಗಿಲ್ಲ. ಇವತ್ತ ಬಂದ್ ಮಾಡಿ ತಗೀಬೇಕ್ರಿ. ಅಯ್ಯಾರ ಧ್ವನಿ ಪೂರಾ ಪೆನ್‌ಡ್ರೈವಿನ್ಯಾಗ ಬಂದೈತಿ, ಏನೂ ಹೋಗಂಗಿಲ್ಲ."

ಇಬ್ಬರೂ ದಾನವ್ವನ ಮುಖ ನೋಡಿದರು. ಅವಳು ಬಚ್ಚಲಿಗೆ ಹೋದಳು. ಕೈಕಾಲು ತೊಳೆದು, ಹಣೆಗೆ ವಿಭೂತಿ ಹಚ್ಚಿಕೊಂಡು ಬಂದಳು.

"ಹಂಗಾರ ಮಂಗಲ ಓದಿ ಮುಚ್ಚೂಣು. ಓದದ ಮುಚ್ಚೂದು ಛಲೋ ಅಲ್ಲ. ಶಾಂಭವಿ, ಮಣಿ ಮ್ಯಾಲ ಕುಂಡ್ರು."

"ನಿನಗ ಬಾಯಿಪಾಠ ಐತಲ್ಲವ್ವಾ."

"ಬಾಯಿಪಾಠ ಐತಿ, ಧ್ವನಿ ಒಡೀತೈತಿ. ನಿಂದು ಅವರ ಗಂಟಲಾ. ಗುರುಪಾದಪ್ಪಗೂ ಇದ ಬೇಕಾಗೇತಿ."

"ನಾ ಹೊರಗ ನಿಂದರಲೇನ್ರಿ?" ಎಂದ ಮೆಹಬೂಬ.

"ಕುಂಡ್ರಪಾ. ಓದೂ ಮುಂದ ಕೇಳವರು ಬೇಕು."

ಮೆಹಬೂಬ ಬಾಗಿಲ ಬಳಿ ಕಾಲು ಮಡಚಿ ಕೂತ. ಶಾಂಭವಿ ಮಣೆಯ ಮೇಲೆ ಕೂತು, ಹೆಡ್‌ಫೋನ್ ಹಾಕಿಕೊಂಡು, ಧ್ವನಿ ಹಿಡಿಯುವ ಗುಂಡಿ ಒತ್ತಿದಳು. ಪರದೆಯ ಒಂದು ಬದಿಗೆ ಮಂಗಲದ ಮೊದಲ ಪದ್ಯ ಹೆಬ್ಬೆರಳು ಗಾತ್ರದ ಅಕ್ಷರದಲ್ಲಿತ್ತು. ಇನ್ನೊಂದು ಬದಿಗೆ ಗೆರೆಯೊಂದು ಏರಿಳಿಯದೆ ಹರಿಯತೊಡಗಿತು.

ಪದ್ಯ ನೋಡುವ ಅಗತ್ಯ ಅವಳಿಗಿರಲಿಲ್ಲ. ಚಿಕ್ಕಂದಿನಲ್ಲಿ ಪ್ರತಿ ಶ್ರಾವಣದ ಕೊನೆಯ ದಿನ ತಾಯಿಯ ತೊಡೆಯ ಮೇಲೆ ಅರೆನಿದ್ದೆಯಲ್ಲಿ ಕೇಳಿದ್ದು. ಆ ಪದ್ಯ ಶುರುವಾಯಿತೆಂದರೆ ಜನ ಮಿಸುಕಾಡತೊಡಗುವರು. ಹೆಂಗಸರು ಮಕ್ಕಳನ್ನು ಎಬ್ಬಿಸುವರು, ಹಿಂದಿದ್ದವರು ಚಪ್ಪಲಿ ಹುಡುಕಲು ಹೋಗುವರು. ತಂದೆ ತಲೆಯೆತ್ತದೆ ಓದುತ್ತಲೇ ಇರುವರು. ಕೊನೆಯ ಪದ್ಯಕ್ಕೆ ಬರುವಷ್ಟರಲ್ಲಿ ಅವರ ಮುಂದೆ ಬರೀ ಜಮಖಾನೆ ಇರುತ್ತಿತ್ತು.

"ಓದು," ಎಂದಳು ದಾನವ್ವ, ಮೆಲ್ಲಗೆ.

ಶಾಂಭವಿಯ ಕಿವಿಯಲ್ಲಿ ಪಡಸಾಲೆ ತುಂಬಿಕೊಂಡಿತು. ತಾಯಿಯ ಬಳೆ, ಮೆಹಬೂಬ ಗಂಟಲು ಸರಿಮಾಡಿಕೊಂಡದ್ದು. ಅದರಾಚೆ ತಂದೆಯ ಆ ಮೌನ, ಮಂಗಲ ಮುಗಿದರೆ ಎದ್ದು ಹೋಗುವಂಥದ್ದು, ಇನ್ನೂ ಕೂತೇ ಇತ್ತು. ಅವಳು ಎದೆ ತುಂಬ ಉಸಿರು ತೆಗೆದುಕೊಂಡಳು. ಮೊದಲ ಅಕ್ಷರ ನಾಲಗೆಗೆ ಬಂತು.

"ಓದಬೇ ತಾಯಿ. ನೀ ಓದಿದ್ರ ಮುಗೀತೈತಿ," ಎಂದಳು ದಾನವ್ವ.

"ಇಲ್ಲ," ಎಂದಳು ಶಾಂಭವಿ. ಆ ಒಂದು ಮಾತಿಗೆ ಪರದೆಯ ಗೆರೆ ಎದ್ದು, ಮತ್ತೆ ಮಲಗಿ ಹರಿಯಿತು. "ನಾ ಓದಂಗಿಲ್ಲ."